ಸಂಜೆ ಏಳರ ಕರೆಂಟು

ಕೇಳುಗರಿಗೆಲ್ಲ ನಮಸ್ಕಾರ.

ಮಳೆಗಾಲ ಶುರುವಾಯಿತು ಅಂದರೆ ನಮ್ಮ ಪತ್ರಿಕೆಗಳಲ್ಲಿ ಒಂದು ಪುಟ್ಟ ಪಟ್ಟಿ ಕಾಣಿಸಿಕೊಳ್ಳುತ್ತದೆ. ಲಿಂಗನಮಕ್ಕಿ, ಸೂಪಾ, ಕೆಆರ್‌ಎಸ್, ತುಂಗಭದ್ರಾ. ಇವತ್ತು ನೀರು ಎಷ್ಟು ಅಡಿ, ಹೋದ ವರ್ಷ ಇದೇ ದಿನ ಎಷ್ಟಿತ್ತು. ಲಿಂಗನಮಕ್ಕಿ 1,819 ಅಡಿ ಮುಟ್ಟಿತು ಅಂದರೆ ಆ ಕಡೆ ಕಾಲಿಡದ ಬೆಂಗಳೂರಿನವರಿಗೂ ಒಂದು ಸಮಾಧಾನ. ಬೇಸಿಗೆಯ ಕರೆಂಟು ಅಲ್ಲಿ ಕೂಡಿಟ್ಟ ಹಾಗಾಯಿತು ಅಂತ.

ನೀರನ್ನೂ ಕರೆಂಟನ್ನೂ ಒಟ್ಟಿಗೆ ಲೆಕ್ಕ ಹಾಕುವುದು ನಮಗೆ ಹಳೆಯ ಅಭ್ಯಾಸ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ಕರೆಂಟು ತೆಗೆದು, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಆ ಕಾಲಕ್ಕೆ ಜಗತ್ತಿನ ಬಲು ಉದ್ದದ ಲೈನುಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿಯಲ್ಲಿ ವಿದ್ಯುತ್ ದೀಪ ಹತ್ತಿದ್ದು 1905ರಲ್ಲಿ. ಮೊದಲು ಗಣಿಗೆ, ಆಮೇಲೆ ಬೀದಿಗೆ. ಮನೆಗಳ ಸರದಿ ಇನ್ನೂ ಹಿಂದೆ, ಹಳ್ಳಿಗಳದ್ದಂತೂ ಕೇಳಲೇಬೇಡಿ.

ವಿಜ್ಞಾನ ನಮ್ಮ ನಾಳೆಯನ್ನು ಹೇಗೆ ಬದಲಿಸುತ್ತಿದೆ ಅನ್ನುವುದರ ಬಗ್ಗೆ ಮಾತಾಡಿ ಎಂದು ನನ್ನನ್ನು ಕರೆದಿದ್ದಾರೆ. ಎಐ ಬಗ್ಗೆ ಹೇಳಬಹುದಿತ್ತು, ಮಂಗಳ ಗ್ರಹದ ಬಗ್ಗೆ ಹೇಳಬಹುದಿತ್ತು. ಅವನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಕರೆಂಟಿನ ಮಾತು ಆರಿಸಿಕೊಂಡಿದ್ದೇನೆ. ಸೂರ್ಯನಿಂದ ಬರುವ ಕರೆಂಟು ನಮ್ಮ ದಿನದ ಗಡಿಯಾರವನ್ನೇ ತಿರುಗಿಸಿ ಇಡುತ್ತಿದೆ. ಅದು ಹೇಗೆ ಅಂತ ನೋಡೋಣ.

ಬೆಳಕು ಬಿದ್ದರೆ ಕೆಲವು ವಸ್ತುಗಳಲ್ಲಿ ಕರೆಂಟು ಹುಟ್ಟುತ್ತದೆ ಅನ್ನುವುದನ್ನು 1839ರಲ್ಲೇ ಫ್ರಾನ್ಸಿನ ಎಡ್ಮಂಡ್ ಬೆಕರೆಲ್ ಕಂಡಿದ್ದ. ಆಗ ಅವನಿಗೆ 19 ವರ್ಷ. ಅಲ್ಲಿಂದ ನೂರು ವರ್ಷಕ್ಕೂ ಜಾಸ್ತಿ ಕಾಲ ಅದು ಪ್ರಯೋಗಶಾಲೆಯ ಕುತೂಹಲವಾಗಿಯೇ ಉಳಿಯಿತು. ಅದನ್ನು ಕೆಲಸಕ್ಕೆ ಬರುವಂತೆ ಮಾಡಿದ್ದು ಅಮೆರಿಕದ ಬೆಲ್ ಟೆಲಿಫೋನ್ ಕಂಪನಿಯ ಪ್ರಯೋಗಶಾಲೆ ಬೆಲ್ ಲ್ಯಾಬ್ಸ್‌ನ ಮೂವರು. ಡ್ಯಾರಿಲ್ ಚೇಪಿನ್, ಕ್ಯಾಲ್ವಿನ್ ಫುಲ್ಲರ್, ಜೆರಾಲ್ಡ್ ಪಿಯರ್‌ಸನ್. ಭೂಮಿಯನ್ನು ಉಳಿಸುತ್ತೇವೆ ಅಂತ ಅವರೇನೂ ಹೊರಟಿರಲಿಲ್ಲ. ಬೆಲ್ ಟೆಲಿಫೋನ್ ಕಂಪನಿಗೆ ಒಂದು ತಲೆನೋವಿತ್ತು. ಸೆಕೆ, ತೇವ ಇರುವ ಊರುಗಳಲ್ಲಿ ಫೋನಿಗೆ ಹಾಕಿದ ಡ್ರೈ ಸೆಲ್ ಬ್ಯಾಟರಿಗಳು ಬೇಗ ಕೆಡುತ್ತಿದ್ದವು. ಅದಕ್ಕೆ ಬೇರೆ ದಾರಿ ಹುಡುಕು ಅಂತ ಚೇಪಿನ್‌ಗೆ ಹೇಳಿದ್ದರು. ಅವನು ಸೆಲೆನಿಯಂ ಹಿಡಿದುಕೊಂಡು ಒದ್ದಾಡುತ್ತಿದ್ದ. ಅದೇ ಸಂಸ್ಥೆಯಲ್ಲಿ ಸಿಲಿಕಾನ್ ಮೇಲೆ ಕೆಲಸ ಮಾಡುತ್ತಿದ್ದ ಪಿಯರ್‌ಸನ್, ಅದನ್ನು ಬಿಡು, ಇದನ್ನು ನೋಡು ಅಂದ. 1954ರ ಏಪ್ರಿಲ್ 25ರಂದು ಪತ್ರಕರ್ತರ ಮುಂದೆ ಆ ಸಿಲಿಕಾನ್ ತುಂಡುಗಳಿಂದ ಒಂದು ಆಟಿಕೆಯ ಜೈಂಟ್ ವ್ಹೀಲ್ ತಿರುಗಿಸಿ ತೋರಿಸಿದರು. ಒಂದು ರೇಡಿಯೋ ಟ್ರಾನ್ಸ್‌ಮಿಟರನ್ನೂ ಓಡಿಸಿದರು. ಬಿದ್ದ ಬೆಳಕಿನಲ್ಲಿ ಕರೆಂಟಾಗಿದ್ದು ನೂರಕ್ಕೆ 6 ಪಾಲು. ಇವತ್ತು ಮಾರುಕಟ್ಟೆಯಲ್ಲಿ ಸಿಗುವ ಪ್ಯಾನೆಲ್‌ಗಳು 20 ದಾಟಿವೆ.

ಪ್ಯಾನೆಲ್ಲನ್ನು ಹತ್ತಿರದಿಂದ ನೋಡಿದ್ದೀರಾ? ಗಾಜಿನ ಕೆಳಗೆ ಚೌಕ ಚೌಕವಾಗಿ ಕಪ್ಪು ಬಿಲ್ಲೆಗಳು. ಒಂದೊಂದೂ ಅಂಗೈಗಿಂತ ಸ್ವಲ್ಪ ದೊಡ್ಡದು. ದಪ್ಪ ಎಷ್ಟು ಅಂದರೆ, ಒಂದು ಮಿಲಿಮೀಟರಿನ ಐದನೇ ಒಂದು ಭಾಗವೂ ಇರುವುದಿಲ್ಲ. ಮೇಲೆ ಕೂದಲೆಳೆಯಂಥ ಗೆರೆಗಳು ಕಾಣುತ್ತವಲ್ಲ, ಅವು ಬೆಳ್ಳಿಯ ಗೆರೆಗಳು. ಬಿಲ್ಲೆಯ ಒಂದು ಮುಖಕ್ಕೆ ಚೂರು ರಂಜಕ, ಇನ್ನೊಂದು ಕಡೆಗೆ ಚೂರು ಬೋರಾನ್ ಸೇರಿಸಿರುತ್ತಾರೆ. ಈ ಎರಡೂ ಕೂಡುವ ಗಡಿಯಲ್ಲಿ ಕಣ್ಣಿಗೆ ಕಾಣದ ಒಂದು ಇಳಿಜಾರು ಹುಟ್ಟುತ್ತದೆ. ಬೆಳಕು ಬಡಿದು ಎಬ್ಬಿಸಿದ ಎಲೆಕ್ಟ್ರಾನು, ಬದುವಿನ ಮೇಲೆ ಬಿದ್ದ ಮಳೆನೀರಿನ ಹಾಗೆ, ಒಂದೇ ಕಡೆಗೆ ಇಳಿದು ಹೋಗುತ್ತದೆ. ಆ ಹರಿವೇ ಕರೆಂಟು. ಒಂದು ಬಿಲ್ಲೆಯಿಂದ ಸಿಗುವುದು ಅರ್ಧ ವೋಲ್ಟಿನಷ್ಟು, ಅಷ್ಟೇ. ಅದಕ್ಕೇ ಅಷ್ಟೊಂದು ಬಿಲ್ಲೆಗಳನ್ನು ಸಾಲಾಗಿ ಜೋಡಿಸುವುದು. ಇನ್ನೊಂದು ವಿಷಯ. ಬಿಸಿಲು ಸುಟ್ಟಷ್ಟೂ ಕರೆಂಟು ಜಾಸ್ತಿ ಅಂತ ಜನ ತಿಳಿದಿರುತ್ತಾರೆ. ಹಾಗಲ್ಲ. ಅದಕ್ಕೆ ಬೇಕಾದದ್ದು ಬೆಳಕು. ಬಿಸಿ ಏರಿದರೆ ಪ್ಯಾನೆಲ್ ಮಂಕಾಗುತ್ತದೆ. ಬೆಳಕು ಚೆನ್ನಾಗಿದ್ದು ಗಾಳಿ ತಣ್ಣಗಿದ್ದರೆ ಅದಕ್ಕೆ ಹಬ್ಬ.

1956ರಲ್ಲಿ ಚೇಪಿನ್ ಒಂದು ಲೆಕ್ಕ ಹಾಕಿದ್ದ. ಒಂದು ವ್ಯಾಟಿಗೆ 286 ಡಾಲರ್. ಒಂದು ಮನೆಗೆ ಆಗುವಷ್ಟು ಹಾಕಿಸಬೇಕು ಅಂದರೆ 14 ಲಕ್ಷ ಡಾಲರಿಗೂ ಮೇಲೆ. ಹಾಗಾಗಿ ಮೊದಲ ಗಿರಾಕಿ ಸಿಕ್ಕಿದ್ದು ಆಕಾಶದಲ್ಲಿ. 1958ರ ವ್ಯಾನ್‌ಗಾರ್ಡ್-1 ಉಪಗ್ರಹದಲ್ಲಿ ಬ್ಯಾಟರಿಯ ಟ್ರಾನ್ಸ್‌ಮಿಟರ್ ಕೆಲವೇ ತಿಂಗಳಲ್ಲಿ ಸುಮ್ಮನಾಯಿತು, ಸೋಲಾರಿನದ್ದು 1964ರವರೆಗೂ ಮಾತಾಡಿತು. ಆಮೇಲಿನ ಕತೆಯಲ್ಲಿ ದೊಡ್ಡ ಆವಿಷ್ಕಾರಕ್ಕಿಂತ ಕಾರ್ಖಾನೆ, ಕಾನೂನುಗಳದ್ದೇ ಜಾಸ್ತಿ ಪಾತ್ರ. 2000ರಲ್ಲಿ ಜರ್ಮನಿ ಸೂರ್ಯನ ಕರೆಂಟಿಗೆ ಒಳ್ಳೆ ದರ ಕೊಡುವ ಕಾನೂನು ಮಾಡಿತು. ಗಿರಾಕಿ ಹುಟ್ಟಿದ. ಆ ಗಿರಾಕಿಗಾಗಿ ಚೀನಾ ಕಾರ್ಖಾನೆಗಳನ್ನು ಕಟ್ಟಿತು. ಮಾಡಿದಷ್ಟೂ ಬೆಲೆ ಇಳಿಯಿತು, ಇಳಿದಷ್ಟೂ ಜನ ಕೊಂಡರು. ನಮ್ಮ ದೇಶದ ಹರಾಜುಗಳಲ್ಲೇ ನೋಡಿ. 2010ರಲ್ಲಿ ಯೂನಿಟ್ಟಿಗೆ 12 ರೂಪಾಯಿ ಆಸುಪಾಸು ಇದ್ದದ್ದು, 2017ರಲ್ಲಿ ರಾಜಸ್ಥಾನದ ಭಡ್ಲಾದಲ್ಲಿ 2 ರೂಪಾಯಿ 44 ಪೈಸೆಗೆ ಬಂತು. ಕಂಡುಹಿಡಿದವರು ಒಬ್ಬರು, ದುಡ್ಡು ಹಾಕಿದವರು ಇನ್ನೊಬ್ಬರು, ಅಗ್ಗ ಮಾಡಿದವರು ಮತ್ತೊಬ್ಬರು. ಭವಿಷ್ಯ ಯಾರೋ ಒಬ್ಬ ಜಾಣನ ತಲೆಯಲ್ಲಿ ಹುಟ್ಟುತ್ತದೆ ಅನ್ನುವ ಮಾತನ್ನು ನಾನು ಅಷ್ಟಾಗಿ ನಂಬದೇ ಇರುವುದು ಇದಕ್ಕೇ.

ಈಗ ಪಾವಗಡಕ್ಕೆ ಬರೋಣ. ತುಮಕೂರು ಜಿಲ್ಲೆ. ಬರಕ್ಕೆ ಹೆಸರಾದ ತಾಲ್ಲೂಕು. ತಿರುಮಣಿ, ವಳ್ಳೂರು, ರಾಯಚೆರ್ಲು, ಬಳಸಮುದ್ರ, ಕ್ಯಾತಗಾನಚೆರ್ಲು ಗ್ರಾಮಗಳಲ್ಲಿ ಸುಮಾರು 13,000 ಎಕರೆಯಲ್ಲಿ ಪ್ಯಾನೆಲ್ ಹಾಸಿದ್ದಾರೆ. 2,050 ಮೆಗಾವ್ಯಾಟ್. ಶರಾವತಿಯ ದೊಡ್ಡ ವಿದ್ಯುದಾಗಾರದ ಶಕ್ತಿ 1,035 ಮೆಗಾವ್ಯಾಟ್. ಅಂಕಿ ನೋಡಿ ಪಾವಗಡ ಅದರ ಎರಡರಷ್ಟು ಅನ್ನಬೇಡಿ, ಯಾಕೆಂದರೆ ಪಾವಗಡ ರಾತ್ರಿ ಸೊನ್ನೆ. ಇಲ್ಲಿ ನನಗೆ ಹಿಡಿಸಿದ ಸಂಗತಿ ಅಂದರೆ ಜಮೀನನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದದ್ದು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಸ್ವಲ್ಪ ಏರಿಕೆ. ಮಳೆ ನಂಬಿ ಕಡಲೆಕಾಯಿ ಬಿತ್ತಿ ಕೈ ಸುಟ್ಟುಕೊಂಡವರಿಗೆ ಇದು ಖಾತ್ರಿ ದುಡ್ಡು. ಆದರೆ ಗುತ್ತಿಗೆ ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಆ ಹೊಲದಲ್ಲಿ ಕಳೆ ಕೀಳಲು ಹೋಗುತ್ತಿದ್ದ ಕೂಲಿಯವರಿಗೆ ಏನು ಬಂತು? ಕುರಿ ಮೇಯಿಸುತ್ತಿದ್ದವರಿಗೆ ಬೇಲಿ ಬಂತು. ಪ್ಯಾನೆಲ್ ತೊಳೆಯುವುದು, ಹುಲ್ಲು ಕೊಯ್ಯುವುದು, ಕಾವಲು, ಇಂಥ ಒಂದಷ್ಟು ಕೆಲಸಗಳು ಹುಟ್ಟಿವೆ. ಹೊಲದಲ್ಲಿ ಮೊದಲಿದ್ದಷ್ಟು ಕೈಗಳಿಗೆ ಅವು ಸಾಲವು.

ಗಡಿಯಾರ ತಿರುಗಿತು ಅಂದೆನಲ್ಲ, ಅದು ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಬೋರ್‌ವೆಲ್ ಇರುವ ರೈತರ ಮನೆಯಲ್ಲಿ. ತ್ರೀ ಫೇಸ್ ಕರೆಂಟು ಪಾಳಿಯಲ್ಲಿ ಬರುತ್ತದೆ. ರಾತ್ರಿ ಪಾಳಿ ಬಂತು ಅಂದರೆ ಮುಗಿಯಿತು. ಹನ್ನೊಂದಕ್ಕೋ ಒಂದಕ್ಕೋ ಎದ್ದು, ಟಾರ್ಚು ಹಿಡಿದು, ಕೈಯಲ್ಲೊಂದು ಕೋಲು. ಸ್ಟಾರ್ಟರ್ ಪೆಟ್ಟಿಗೆ ತೆಗೆಯುವ ಮೊದಲು ಒಳಗೆ ಹಾವು ಸುತ್ತಿಕೊಂಡಿದೆಯೇ ಅಂತ ಬೆಳಕು ಬಿಟ್ಟು ನೋಡಬೇಕು. ಕಾಡಂಚಿನ ಊರುಗಳಲ್ಲಿ ಆನೆ, ಕರಡಿಯ ಭಯ ಬೇರೆ. ಮೋಟಾರ್ ಆನ್ ಮಾಡಿ, ಒಂದು ಮಡಿಯಿಂದ ಇನ್ನೊಂದು ಮಡಿಗೆ ನೀರು ತಿರುಗಿಸುವಷ್ಟರಲ್ಲಿ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಸುಟ್ಟರೆ ಆ ರಾತ್ರಿಯ ನಿದ್ದೆಯೂ ಹೋಯಿತು, ನೀರೂ ಹೋಯಿತು. ಕರೆಂಟು ರಾತ್ರಿ ಯಾಕೆ ಕೊಡುತ್ತಿದ್ದರು? ಹಗಲು ಪೇಟೆಗೆ, ಕಾರ್ಖಾನೆಗೆ ಬೇಕಿತ್ತು. ರಾತ್ರಿ ಉಳಿದದ್ದು ಹೊಲಕ್ಕೆ. ಈಗ ಲೆಕ್ಕ ತಲೆಕೆಳಗು. ಕರೆಂಟು ಜಾಸ್ತಿ ಇರುವುದೇ ಹಗಲು. ಕೇಂದ್ರ ಸರ್ಕಾರದ ಕುಸುಮ್ ಯೋಜನೆಯ ಒಂದು ಭಾಗದಲ್ಲಿ ಸಬ್‌ಸ್ಟೇಷನ್ನಿನ ಹತ್ತಿರವೇ ಸೋಲಾರ್ ಘಟಕ ಹಾಕಿ, ಪಂಪ್‌ಸೆಟ್ಟುಗಳಿಗೆ ಹೋಗುವ ಲೈನಿಗೆ ಹಗಲು ಹೊತ್ತು ಕರೆಂಟು ಕೊಡುತ್ತಾರೆ. ರೈತ ರಾತ್ರಿ ಮಲಗಬಹುದು. ಬೆಲ್ ಲ್ಯಾಬ್ಸ್‌ನ ಸಿಲಿಕಾನ್ ತುಂಡಿಗೆ ಇದಕ್ಕಿಂತ ದೊಡ್ಡ ಬಹುಮಾನ ಬೇಕಾ? ಹಗಲು ಸಲೀಸಾಗಿ ಕರೆಂಟು ಸಿಕ್ಕಿದ ಮೇಲೆ ಅಂತರ್ಜಲ ಇನ್ನೆಷ್ಟು ಆಳಕ್ಕೆ ಹೋದೀತು ಅನ್ನುವ ಚಿಂತೆಯೂ ಇದೆ. ಅದನ್ನು ಪ್ಯಾನೆಲ್ ಬಗೆಹರಿಸುವುದಿಲ್ಲ.

ಈಗ ಸಂಜೆಯ ಮಾತು. ಏಳು ಗಂಟೆ. ಸೂರ್ಯ ಮುಳುಗಿ ಆಗಿದೆ. ಎಲ್ಲ ಮನೆಯಲ್ಲೂ ಲೈಟು, ಟಿವಿ, ಫ್ಯಾನು, ಮಿಕ್ಸಿ. ಮಧ್ಯಾಹ್ನ ಬೇಡ ಬೇಡ ಅನ್ನುವಷ್ಟು ಇದ್ದ ಕರೆಂಟು ಈಗ ಸಾಲದು. ರಾಯಚೂರು, ಬಳ್ಳಾರಿಯ ಕಲ್ಲಿದ್ದಲ ಘಟಕಗಳನ್ನು ಹಗಲು ಪೂರ್ತಿ ಆರಿಸಿ ಸಂಜೆ ಹತ್ತಿಸೋಣ ಅಂದರೆ ಆಗುವುದಿಲ್ಲ. ಬಾಯ್ಲರ್ ತಣ್ಣಗಾದರೆ ಮತ್ತೆ ಬಿಸಿ ಏರಲು ಗಂಟೆಗಟ್ಟಲೆ ಬೇಕು. ನೀರು ಹಾಗಲ್ಲ. ಬಿಟ್ಟ ಕೆಲವೇ ನಿಮಿಷದಲ್ಲಿ ಟರ್ಬೈನ್ ತಿರುಗುತ್ತದೆ. ಹಗಲು ಸೂರ್ಯನನ್ನು ದುಡಿಸಿಕೊಂಡು, ಶರಾವತಿಯ ನೀರನ್ನು ಸಂಜೆಗೆ ಉಳಿಸಿಕೊಳ್ಳಬಹುದು. ಆದರೆ ಮಳೆ ಕೈಕೊಟ್ಟರೆ? 2023ರಲ್ಲಿ ಕೊಟ್ಟಿತಲ್ಲ. ಪಂಪ್‌ಸೆಟ್ಟಿನ ಕರೆಂಟನ್ನು ಏಳು ಗಂಟೆಯಿಂದ ಐದಕ್ಕೆ ಇಳಿಸಬೇಕಾಯಿತು.

ಹಾಗಾಗಿ ಮುಂದಿನ ಹತ್ತು ಹದಿನೈದು ವರ್ಷದ ಪ್ರಶ್ನೆ ಕರೆಂಟು ಹುಟ್ಟಿಸುವುದಲ್ಲ, ಹಿಡಿದಿಡುವುದು. ಒಂದು ದಾರಿ ಬ್ಯಾಟರಿ. ಲೀಥಿಯಂ ಬ್ಯಾಟರಿಗೆ ಕೋಬಾಲ್ಟ್ ಬೇಕಿತ್ತು, ಅದು ದುಬಾರಿ. 1997ರಲ್ಲಿ ಅಮೆರಿಕದ ಟೆಕ್ಸಾಸ್‌ನಿಂದ ಒಂದು ಪ್ರಬಂಧ ಬಂತು. ಕೋಬಾಲ್ಟ್ ಬದಲು ಕಬ್ಬಿಣ ಮತ್ತು ಫಾಸ್ಫೇಟ್ ಬಳಸಬಹುದು ಅಂತ. ಬರೆದವರು ಮೂವರು. ಪಾಢಿ, ನಂಜುಂಡಸ್ವಾಮಿ, ಗುಡ್‌ಇನಫ್. ಗುಡ್‌ಇನಫ್ ಅವರಿಗೆ 2019ರಲ್ಲಿ ನೊಬೆಲ್ ಬಂದಾಗ 97 ವರ್ಷ. ಈ ಕಬ್ಬಿಣದ ಬ್ಯಾಟರಿ ಸ್ವಲ್ಪ ಭಾರ. ಫೋನಿಗೆ ಅದು ತೊಂದರೆ. ಸಬ್‌ಸ್ಟೇಷನ್ ಪಕ್ಕದಲ್ಲಿ ಕಂಟೇನರಿನೊಳಗೆ ಕೂರುವ ಬ್ಯಾಟರಿ ಎಷ್ಟು ತೂಗಿದರೆ ಯಾರಿಗೇನು? ಇದಕ್ಕೆ ಬೆಂಕಿ ಹತ್ತುವ ಭಯ ಕಡಿಮೆ, ಬೆಲೆಯೂ ಕಡಿಮೆ. ಹಾಗಾಗಿ ಸಂಜೆಯ ಎರಡು, ನಾಲ್ಕು ಗಂಟೆ ದೂಡಲು ಜಗತ್ತೆಲ್ಲ ಇದನ್ನೇ ತಂದು ನಿಲ್ಲಿಸುತ್ತಿದೆ.

ಇನ್ನೊಂದು ದಾರಿ ನೀರನ್ನೇ ಮೇಲಕ್ಕೆ ಏರಿಸುವುದು. ಹಗಲಿನ ಅಗ್ಗದ ಕರೆಂಟಿನಲ್ಲಿ ಕೆಳಗಿನ ಜಲಾಶಯದಿಂದ ಮೇಲಕ್ಕೆ ಪಂಪ್ ಮಾಡಿ, ಸಂಜೆ ಕೆಳಕ್ಕೆ ಬಿಡುವುದು. 100 ಯೂನಿಟ್ ಖರ್ಚು ಮಾಡಿದರೆ 75–80 ವಾಪಸ್. ಶರಾವತಿ ಕಣಿವೆಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವ್ಯಾಟಿನ ಇಂಥ ಯೋಜನೆಯನ್ನು ಮುಂದಿಟ್ಟಿದ್ದಾರೆ. ಆದರೆ ಅದು ಸಿಂಗಳೀಕಗಳ ಕಾಡು. ಮರಗಳ ಮೇಲೇ ಬದುಕುವ ಪ್ರಾಣಿ ಅದು, ಕಾಡಿನ ನಡುವೆ ಒಂದು ರಸ್ತೆ ಸೀಳಿದರೂ ಗುಂಪು ಬೇರೆ ಬೇರೆಯಾಗುತ್ತದೆ. ಲಿಂಗನಮಕ್ಕಿ ಕಟ್ಟಿದಾಗ ಊರು ಬಿಟ್ಟವರ ಮಕ್ಕಳಲ್ಲಿ ಇನ್ನೂ ಜಮೀನಿನ ಹಕ್ಕುಪತ್ರಕ್ಕೆ ಅಲೆಯುವವರಿದ್ದಾರೆ. ಬ್ಯಾಟರಿ ದಿನೇ ದಿನೇ ಅಗ್ಗವಾಗುತ್ತಿರುವಾಗ, ಅದೇ ಕಣಿವೆಯನ್ನು ಮತ್ತೆ ಅಗೆಯುವ ಮೊದಲು ಇನ್ನೊಂದು ಸಲ ಲೆಕ್ಕ ಹಾಕಿ ಅನ್ನುವವರ ಪಕ್ಷ ನನ್ನದು.

ಇನ್ನು ಪ್ಯಾನೆಲ್ಲಿಗೇ ಪೆರೋವ್‌ಸ್ಕೈಟ್ ಅಂತ ಹೊಸ ವಸ್ತುವೊಂದು ಬಂದಿದೆ. ಸಿಲಿಕಾನ್ ಮೇಲೆ ಅದರ ತೆಳು ಪದರ ಹಚ್ಚಿ, ಪ್ರಯೋಗಶಾಲೆಯಲ್ಲಿ ನೂರಕ್ಕೆ 33 ಪಾಲು ದಾಟಿದ್ದಾರೆ. ತೇವ ತಗುಲಿದರೆ ಕೆಡುತ್ತದೆ, ಸೀಸವೂ ಇದೆ. ಕಾದು ನೋಡೋಣ.

ಕೊನೆಗೆ, ಮನೆಯ ಮೇಲೆ ಸೋಲಾರ್ ಹಾಕಿಸಬೇಕು ಅಂತಿರುವವರಿಗೆ ಒಂದು ಮಾತು. ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿವರೆಗೆ ಸಹಾಯಧನ ಇದೆ ಅಂತ ಎಲ್ಲರೂ ಹೇಳುತ್ತಾರೆ. ಇದನ್ನು ಯಾರೂ ಹೇಳುವುದಿಲ್ಲ: ಬ್ಯಾಟರಿ ಇಲ್ಲದ ಮಾಮೂಲಿ ವ್ಯವಸ್ಥೆಯಲ್ಲಿ ಲೈನಿನ ಕರೆಂಟು ಹೋದರೆ, ನೆತ್ತಿಯ ಮೇಲೆ ಬಿಸಿಲಿದ್ದರೂ ನಿಮ್ಮ ಮನೆಯ ಕರೆಂಟೂ ಹೋಗುತ್ತದೆ. ಬೇಕಂತಲೇ ಹಾಗೆ ಮಾಡಿರುತ್ತಾರೆ. ಕಂಬದ ಮೇಲೆ ರಿಪೇರಿ ಮಾಡುತ್ತಿರುವ ಲೈನ್‌ಮ್ಯಾನ್‌ಗೆ ನಿಮ್ಮ ಮನೆಯಿಂದ ಹೋದ ಕರೆಂಟು ಹೊಡೆಯಬಾರದಲ್ಲ. ಕರೆಂಟು ಪದೇ ಪದೇ ಹೋಗುವ ಊರು ನಿಮ್ಮದಾದರೆ ಬ್ಯಾಟರಿ ಜೋಡಿಸಬಹುದಾದ ಹೈಬ್ರಿಡ್ ಇನ್ವರ್ಟರ್ ಕೇಳಿ, ಬ್ಯಾಟರಿ ಎಷ್ಟು ಗಂಟೆ ಬರುತ್ತದೆ ಅಂತ ಕೇಳಿ. ಮುಂಗಡ ಕೊಡುವ ಮೊದಲೇ ಕೇಳಿ. ನಮಸ್ಕಾರ.