ಐದನೆಯದು ಗಂಡೇ ಅಂದಿದ್ದರು

ಕೇಳುಗರಿಗೆ ನಮಸ್ಕಾರ.

ನಮ್ಮ ಅಮ್ಮನಿಗೆ ಐವರು ಹೆಣ್ಣುಮಕ್ಕಳು. ಕೊನೆಯವಳು ನಾನು. ನಾಲ್ಕು ಹೆಣ್ಣಾದ ಮೇಲೆ ಐದನೆಯದು ಗಂಡಾಗದೆ ಇನ್ನೇನು ಅಂತ ಊರಿಗೆ ಊರೇ ತೀರ್ಮಾನ ಮಾಡಿಬಿಟ್ಟಿತ್ತಂತೆ. ಹೊಟ್ಟೆ ಮುಂದಕ್ಕೆ ಚೂಪಾಗಿದೆ ಅಂದರು ಪಕ್ಕದ ಮನೆಯವರು. ಏಳುವಾಗ ಬಲಗೈ ಊರಿ ಏಳ್ತಾಳೆ, ನೋಡ್ಕೊಳ್ಳಿ ಬೇಕಾದ್ರೆ, ಅಂದರು ನಮ್ಮ ಅತ್ತೆ. ದಾರಕ್ಕೆ ಉಂಗುರ ಕಟ್ಟಿ ಹೊಟ್ಟೆಯ ಮೇಲೆ ಆಡಿಸಿ ನೋಡಿದ್ದೂ ಆಯಿತು. ಆಮೇಲೆ ನಾನು ಹುಟ್ಟಿದೆ. ಅಜ್ಜಿ ನನ್ನನ್ನು ಸಾಕಮ್ಮ ಅಂತ ಕರೆದರು. ಶಾಲೆಯ ರಿಜಿಸ್ಟರಿನಲ್ಲಿ ಬೇರೆ ಹೆಸರಿದೆ. ಊರಲ್ಲಿ ಮಾತ್ರ ಇವತ್ತಿಗೂ ಸಾಕಮ್ಮನೇ.

ಈ ಸಾಕಮ್ಮ ಮುಂದೆ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಮೇಡಂ ಆದಳು. ಸಂಭವನೀಯತೆ ಪಾಠ ಶುರುವಾದ ದಿನ ಮಕ್ಕಳಿಗೆ ಮನೆಗೆಲಸ ಕೊಡುತ್ತಿದ್ದೆ: ಒಂದು ರೂಪಾಯಿ ನಾಣ್ಯ ನೂರು ಸಲ ಚಿಮ್ಮಿ, ಹೆಡ್ಡೋ ಟೈಲೋ ಬರೆದು ತನ್ನಿ. ಅರ್ಧ ಮಕ್ಕಳು ಚಿಮ್ಮುತ್ತಿದ್ದರು, ಇನ್ನರ್ಧ ಸೋಮಾರಿಗಳು ಕೂತಲ್ಲೇ ತೋಚಿದ್ದು ಬರೆಯುತ್ತಿದ್ದರು. ಯಾರು ಬರೆದದ್ದು ಸುಳ್ಳು ಅಂತ ನಾನು ಹಾಳೆ ನೋಡಿದ ಕೂಡಲೇ ಹೇಳುತ್ತಿದ್ದೆ. ಸುಳ್ಳು ಬರೆಯುವವರು ಮೂರು ಹೆಡ್ಡು ಬಂದಕೂಡಲೇ ಗಾಬರಿಯಾಗಿ ಟೈಲು ಹಾಕಿಬಿಡುತ್ತಾರೆ. ನಿಜವಾಗಿ ಚಿಮ್ಮಿದರೆ, ನೂರು ಎಸೆತದಲ್ಲಿ ಎಲ್ಲಾದರೂ ಒಂದು ಕಡೆ ಐದು ಸಲ ಸತತವಾಗಿ ಒಂದೇ ಮುಖ ಬರದೆ ಇರುವುದೇ ಅಪರೂಪ. ನಮ್ಮೂರಿನವರೂ ಆ ಸೋಮಾರಿ ಹುಡುಗರ ಹಾಗೇ. ನಾಲ್ಕು ಹೆಣ್ಣಾಯಿತಲ್ಲ, ಇನ್ನು ಲೆಕ್ಕ ಸರಿಹೋಗಬೇಕು ಅಂತ ಅವರಿಗೆ ಆತುರ. ಬಸಿರಿಗೆ ಹಿಂದಿನ ಹೆರಿಗೆಗಳ ಲೆಕ್ಕ ಗೊತ್ತಿಲ್ಲ. ಐದೈದು ಮಕ್ಕಳಿರುವ ಮೂವತ್ತೆರಡು ಮನೆ ಸಿಕ್ಕರೆ, ಅದರಲ್ಲಿ ಒಂದು ಮನೆ ನಮ್ಮದರಂತೆ ಬರೀ ಹೆಣ್ಣು, ಒಂದು ಮನೆ ಬರೀ ಗಂಡು, ಸರಾಸರಿ ಲೆಕ್ಕ. ಇದರಲ್ಲಿ ಯಾರ ದೋಷವೂ ಇಲ್ಲ. ಇನ್ನು ದೋಷ ಹುಡುಕಲೇಬೇಕು ಅನ್ನುವವರಿಗೆ: ಕೂಸು ಹೆಣ್ಣೋ ಗಂಡೋ ಅಂತ ತೀರ್ಮಾನಿಸುವ ವರ್ಣತಂತುಗಳಲ್ಲಿ, ಹೆಣ್ಣಾಗುವ ಎಕ್ಸ್ ಕೊಡುವುದೋ ಗಂಡಾಗುವ ವೈ ಕೊಡುವುದೋ ಅಪ್ಪನ ಕಡೆಯದು. ಅಮ್ಮನ ಹತ್ತಿರ ಇರುವುದು ಎಕ್ಸ್ ಮಾತ್ರ. ಅಮೆರಿಕದ ನೆಟ್ಟಿ ಸ್ಟೀವನ್ಸ್ ಎಂಬ ಜೀವವಿಜ್ಞಾನಿ ಹಿಟ್ಟಿನ ಹುಳುಗಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು 1905ರಲ್ಲೇ ಇದರ ಜಾಡು ಹಿಡಿದಿದ್ದರು. ನಮ್ಮ ಅಜ್ಜಿಗೆ ಸುದ್ದಿ ತಲುಪಲಿಲ್ಲ, ಅಷ್ಟೆ.

ನಾಣ್ಯದ ಹೋಲಿಕೆ ಪೂರ್ತಿ ಸರಿಯಲ್ಲ ಅನ್ನುವುದನ್ನೂ ಹೇಳಿಬಿಡಬೇಕು. ಪ್ರಕೃತಿಯ ನಾಣ್ಯ ಒಂದು ಕೂದಲೆಳೆಯಷ್ಟು ವಾಲಿದೆ. ನೂರು ಹೆಣ್ಣು ಹುಟ್ಟುವ ಕಡೆ ಸುಮಾರು ನೂರೈದು ಗಂಡು ಹುಟ್ಟುತ್ತವೆ. ಜಾನ್ ಆರ್ಬತ್ನಟ್ ಅಂತ, ಇಂಗ್ಲೆಂಡಿನ ರಾಣಿ ಆನ್‌ಳ ವೈದ್ಯ, 1710ರಲ್ಲಿ ಲಂಡನ್ನಿನ ಚರ್ಚುಗಳಲ್ಲಿ ಕೂಸುಗಳಿಗೆ ಮಾಡಿಸಿದ ದೀಕ್ಷಾಸ್ನಾನದ ಲೆಕ್ಕ ತೆಗೆದು ನೋಡಿದ. ಎಂಬತ್ತೆರಡು ವರ್ಷ, ಒಂದು ವರ್ಷವೂ ತಪ್ಪದೆ ಗಂಡೇ ಹೆಚ್ಚು. ಇದು ಬರೀ ಆಕಸ್ಮಿಕವಾಗಿರಲು ಸಾಧ್ಯವೇ ಇಲ್ಲ, ದೇವರ ಕೈ ಇದೆ ಅಂದ.

ನನಗೆ ಅವನಿಗಿಂತ ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ ಇಷ್ಟ. ಅವನ ಕಾಲದಲ್ಲಿ ಫ್ರಾನ್ಸಿನ ಬೇರೆ ಕಡೆಗಳಲ್ಲಿ ಇಪ್ಪತ್ತೊಂದು ಹೆಣ್ಣಿಗೆ ಇಪ್ಪತ್ತೆರಡು ಗಂಡು, ಪ್ಯಾರಿಸ್ಸಿನಲ್ಲಿ ಮಾತ್ರ ಇಪ್ಪತ್ನಾಲ್ಕಕ್ಕೆ ಇಪ್ಪತ್ತೈದು. ಎಷ್ಟು ಸಣ್ಣ ವ್ಯತ್ಯಾಸ ನೋಡಿ, ನಾನಾಗಿದ್ದರೆ ಹೋಗಲಿ ಬಿಡು ಅನ್ನುತ್ತಿದ್ದೆ. ಲಾಪ್ಲಾಸ್ ಬಿಡಲಿಲ್ಲ. ಪ್ಯಾರಿಸ್ಸಿನ ಅನಾಥಶಿಶುಗಳ ಆಶ್ರಯದ ದಾಖಲೆ ತೆಗೆಸಿದ. ಸುತ್ತಲ ಹಳ್ಳಿಗಳವರು ಗಂಡನ್ನು ಮನೆಯಲ್ಲಿಟ್ಟುಕೊಂಡು ಹೆಣ್ಣನ್ನು ಹೆಚ್ಚಾಗಿ ಅಲ್ಲಿ ಬಿಟ್ಟುಹೋಗುತ್ತಿದ್ದರು. ಆ ಕೂಸುಗಳು ಪ್ಯಾರಿಸ್ಸಿನ ಲೆಕ್ಕಕ್ಕೆ ಸೇರಿ ಅಂಕಿ ಅಷ್ಟು ಅಲುಗಾಡಿತ್ತು. ಅಂದರೆ ಅಲ್ಲಿದ್ದದ್ದು ಮನುಷ್ಯರ ಕೈ.

ಅದೇ ಕಣ್ಣಿನಿಂದ ನಮ್ಮ ಜನಗಣತಿ ನೋಡಿ. ಪ್ರಕೃತಿಯ ಪಾಡಿಗೆ ಬಿಟ್ಟರೆ ಹುಟ್ಟುವ ಸಾವಿರ ಗಂಡುಮಕ್ಕಳಿಗೆ ಸುಮಾರು ಒಂಬೈನೂರ ಐವತ್ತು ಹೆಣ್ಣುಮಕ್ಕಳು ಹುಟ್ಟಬೇಕು. 2011ರಲ್ಲಿ ಆರು ವರ್ಷದವರೆಗಿನ ಮಕ್ಕಳನ್ನು ಎಣಿಸಿದಾಗ ದೇಶಕ್ಕೆ ಸಿಕ್ಕಿದ್ದು 919. ಹರಿಯಾಣದಲ್ಲಿ 834. ಕರ್ನಾಟಕದಲ್ಲಿ 948, ಸದ್ಯ ನಾವು ಮಾನವಂತರು ಅಂದುಕೊಂಡೆವು. 2023ರ ನವೆಂಬರಿನಲ್ಲಿ ಸುದ್ದಿ ಬಂತು, ಮಂಡ್ಯದ ಕಡೆ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಬಸುರಿಯರ ಹೊಟ್ಟೆ ನೋಡುತ್ತಿದ್ದರು ಅಂತ. ಕಬ್ಬಿನ ಹಾಲು ಕುದಿಯುವ ಜಾಗ! ನಾವು ಚಿಕ್ಕವರಿದ್ದಾಗ ಬಿಸಿಬೆಲ್ಲ ತಿನ್ನಲು ಓಡುತ್ತಿದ್ದ ಜಾಗ.

ನಾನು ಸಂಖ್ಯಾಶಾಸ್ತ್ರದವಳು ಅಂತ ಗೊತ್ತಾದರೆ ಮದುವೆ ಮನೆಯಲ್ಲೂ ಯಾರಾದರೊಬ್ಬರು ಪಕ್ಕಕ್ಕೆ ಕರೆದು ಕೇಳುತ್ತಾರೆ, “ಮೇಡಂ, ನಮ್ಮ ಸೊಸೆಗೆ ಏನಾಗಬಹುದು, ಲೆಕ್ಕ ಹಾಕಿ ಹೇಳಿ.” ನೂರಕ್ಕೆ ಐವತ್ತೊಂದು ಪಾಲು ಗಂಡು, ನಲವತ್ತೊಂಬತ್ತು ಪಾಲು ಹೆಣ್ಣು ಅನ್ನುತ್ತೇನೆ. ಇದನ್ನು ಹೇಳೋಕೆ ಇಷ್ಟು ಓದಬೇಕಿತ್ತಾ ಅನ್ನುವ ಹಾಗೆ ಮುಖ ನೋಡುತ್ತಾರೆ. ಸ್ಕ್ಯಾನಿಂಗ್ ಕೋಣೆಗೆ ಇದಕ್ಕಿಂತ ಹೆಚ್ಚು ಗೊತ್ತು. ಹೇಳಕೂಡದು ಅಂತ 1994ರ ಕಾಯ್ದೆ ಇದೆ, ಗೋಡೆಯ ಮೇಲೆ ಬೋರ್ಡೂ ಇದೆ.

ಹೋದ ವರ್ಷ ನಮ್ಮ ದೊಡ್ಡಕ್ಕನ ಮೊಮ್ಮಗಳು ಹುಟ್ಟಿದಳು. ಹೆರಿಗೆ ಕೋಣೆಯ ಹೊರಗೆ ನಾವು ಅಕ್ಕತಂಗಿಯರು ಐದೂ ಜನ ಬೆಂಚಿನ ಮೇಲೆ. ಆಯಾ ಕೂಸನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದು ಅಕ್ಕನ ಮಡಿಲಿಗೆ ಹಾಕಿ, “ಹೆಣ್ಣು ಕಣಮ್ಮ, ಇನ್ನೂರು ಕೊಡಿ ಸಾಕು” ಅಂದಳು. ಗಂಡಾದರೆ ಎಷ್ಟು ಅಂತ ಅಕ್ಕ ಕೇಳಿದಳು. ಐನೂರು. ಸೆರಗಿನ ಗಂಟು ಬಿಚ್ಚಿ ಐನೂರರ ನೋಟು ಕೊಟ್ಟಳು. ಕೊಡಬಾರದಿತ್ತು, ಅದು ಬೇರೆ ಮಾತು. ಆಯಾ ನೋಟನ್ನು ತಿರುಗಿಸಿ ಮುರುಗಿಸಿ ನೋಡಿದಳು.

“ಅಮ್ಮ, ಮಗು ಹೆಣ್ಣು ಅಂದ್ನಲ್ಲ, ಸರಿಯಾಗಿ ಕೇಳಿಸ್ತಾ?”