ಮೊದಲು ಕಿಟಕಿ, ಆಮೇಲೆ ಕಟ್ಟಡ

ಒಂದು ಹಳೇ ವಿಡಿಯೋ ಗೇಮಿನ ಕಿಟಕಿಯಿಂದ ಶುರು ಮಾಡುತ್ತೇನೆ.

ನೀವು ಒಂದು ದೈತ್ಯ ಗೊರಿಲ್ಲಾ. ಒಂದು ಎತ್ತರದ ಕಟ್ಟಡದ ಗೋಡೆಗೆ ನೇತುಬಿದ್ದಿದ್ದೀರಿ. ಕಿಟಕಿಗೆ ಒಂದು ಗುದ್ದು ಕೊಟ್ಟಿರಿ, ಗಾಜು ಹೋಯಿತು. ಒಳಗೆ ಒಂದು ಟೋಸ್ಟರ್ ಇದೆ. ಬ್ರೆಡ್ ಇನ್ನೂ ಮೇಲೆ ಬಂದಿಲ್ಲ. ಈಗಲೇ ಕೈ ಹಾಕಿದರೆ ಪೆಟ್ಟು ನಿಮಗೇ. ಒಂದು ಕ್ಷಣ ಕಾದರೆ ಬ್ರೆಡ್ ಟಪ್ ಅಂತ ಮೇಲೆ ಹಾರುತ್ತದೆ, ಆಗ ಬಾಯಿಗೆ ಹಾಕಿಕೊಂಡರೆ ಜೀವಕ್ಕೆ ಸ್ವಲ್ಪ ಬಲ. ಬೆನ್ನ ಹಿಂದೆ ಹೆಲಿಕಾಪ್ಟರ್ ಗುಂಡು ಹಾರಿಸುತ್ತಿದೆ. ಊರಿಗೆ ಊರೇ ನೆಲಸಮ ಮಾಡಲು ಬಂದ ಪ್ರಾಣಿ, ಯಾರದೋ ಅಡುಗೆಮನೆಯ ಮುಂದೆ ಬ್ರೆಡ್ ಸುಡಲಿ ಅಂತ ಗೋಡೆಗೆ ಅಂಟಿಕೊಂಡು ಕಾಯುತ್ತಿದೆ.

ನನಗೆ ಈ ಕಾಯುವುದು ತುಂಬಾ ಇಷ್ಟ. ಇವತ್ತಿನ ಎಪಿಸೋಡ್ ಪೂರ್ತಿ ಇದರ ಬಗ್ಗೆಯೇ.

ಗೇಮ್ ಹೆಸರು ರಾಂಪೇಜ್. 1986ರಲ್ಲಿ ಬಂತು. ಬ್ಯಾಲಿ ಮಿಡ್‌ವೇ ಕಂಪನಿಯ ಆರ್ಕೇಡ್ ಗೇಮ್, ಅಂದರೆ ಕಾಸು ಹಾಕಿ ನಿಂತುಕೊಂಡು ಆಡುವ ದೊಡ್ಡ ಪೆಟ್ಟಿಗೆ. ಮಾಡಿದವರು ಇಬ್ಬರು: ಬ್ರಯಾನ್ ಕಾಲಿನ್ ಮತ್ತು ಜೆಫ್ ನಾಮನ್. ಮೂರು ಪ್ರಾಣಿಗಳು. ಜಾರ್ಜ್ ಅನ್ನುವ ಗೊರಿಲ್ಲಾ, ಲಿಜ್ಜಿ ಅನ್ನುವ ಹಲ್ಲಿ, ರಾಲ್ಫ್ ಅನ್ನುವ ತೋಳ. ಮೂವರೂ ಮೊದಲು ಮನುಷ್ಯರು. ಜಾರ್ಜ್ ಪ್ರಯೋಗಕ್ಕೆ ಅಂತ ಕೊಟ್ಟ ವಿಟಮಿನ್ ತಿಂದು ಹಾಗಾದ, ಲಿಜ್ಜಿ ವಿಕಿರಣ ಸೇರಿದ ಕೆರೆಯಿಂದ ಹಾಗಾದಳು, ರಾಲ್ಫ್ ಊಟಕ್ಕೆ ಬೆರೆಸುವ ಯಾವುದೋ ರಾಸಾಯನಿಕದಿಂದ ಹಾಗಾದ. ಒಂದು ಜಾಯ್‌ಸ್ಟಿಕ್, ಎರಡು ಬಟನ್. ಒಂದು ಗುದ್ದಲು, ಒಂದು ನೆಗೆಯಲು. ಊರಿನ ಕಟ್ಟಡಗಳೆಲ್ಲ ಮಣ್ಣುಪಾಲಾದರೆ ಮುಂದಿನ ಊರು. ಇಷ್ಟೇ ಗೇಮ್.

ಇಂಥ ಗೇಮ್ ಬಗ್ಗೆ ಮಾತು ಬಂದಾಗೆಲ್ಲ ಜನ ಹೇಳುವುದು ಒಂದೇ. ಒಡೆಯೋದ್ರಲ್ಲಿ ಒಂದು ಮಜಾ ಇದೆ, ಆಫೀಸಿನ ಟೆನ್ಷನ್ ಎಲ್ಲ ಇಳಿಯುತ್ತೆ, ಅಂತ. ಇರಬಹುದು. ಆದರೆ ಒಡೆಯುವ ಮಜಾಕ್ಕೆ ಅಷ್ಟೇ ಆಗಿದ್ದರೆ ನಾನು ಈ ಗೇಮನ್ನು ಅರ್ಧ ಗಂಟೆಯಲ್ಲಿ ಮುಚ್ಚಿಟ್ಟು ಎದ್ದು ಹೋಗಿರುತ್ತಿದ್ದೆ. ಕಟ್ಟಡ ಬೀಳುವುದು ನಾಲ್ಕು ಸೆಕೆಂಡಿನ ಸುಖ. ರಾಂಪೇಜ್ ನಿಮ್ಮನ್ನು ಹಿಡಿದಿಡುವುದು ಅದಕ್ಕಿಂತ ಮುಂಚೆ, ಗೋಡೆ ಹತ್ತುವಾಗ, ಒಂದೊಂದೇ ಕಿಟಕಿ ಒಡೆಯುವಾಗ.

ಯಾಕೆ ಅಂದರೆ ಕಿಟಕಿಯೊಳಗೆ ಏನಿದೆ ಅಂತ ನಿಮಗೆ ಗೊತ್ತಿರುವುದಿಲ್ಲ. ಒಂದರಲ್ಲಿ ಹಣ್ಣು, ಒಂದರಲ್ಲಿ ಬೇಯಿಸಿದ ಕೋಳಿ, ಒಂದರಲ್ಲಿ ಬಾಂಬು. ಒಂದರಲ್ಲಿ ಲೈಟ್ ಬಲ್ಬು, ಅದು ಉರಿಯುತ್ತಿದ್ದರೆ ಮುಟ್ಟಬಾರದು, ಆರಿದ ಮೇಲೆ ಪರವಾಗಿಲ್ಲ. ಒಂದರಲ್ಲಿ ಸಿಗರೇಟು, ಅದೂ ಮೈಗೆ ಕೆಟ್ಟದ್ದೇ. ಒಂದರಲ್ಲಿ ಕ್ಯಾಮೆರಾ ಹಿಡಿದ ಮನುಷ್ಯ. ಅವನು ಫ್ಲ್ಯಾಶ್ ಹೊಡೆಯುವ ಮೊದಲೇ ನೀವು ಅವನನ್ನು ಹಿಡಿದು ತಿನ್ನಬೇಕು, ತಡವಾದರೆ ಕಣ್ಣು ಕತ್ತಲಾಗಿ ಗೋಡೆಯಿಂದ ಕೆಳಗೆ ಬೀಳುತ್ತೀರಿ. 1986ರಲ್ಲೇ ಇವರಿಗೆ ಗೊತ್ತಿತ್ತು ನೋಡಿ, ಕಿಟಕಿಗೆ ರಾಕ್ಷಸ ಬಂದರೂ ಮೊದಲು ಫೋಟೋ ತೆಗೆಯುವವನು ಒಬ್ಬ ಇದ್ದೇ ಇರುತ್ತಾನೆ ಅಂತ.

ಇದು ನೋಡಲು ಸಣ್ಣ ವಿಷಯ. ಆದರೆ ಅಲ್ಲಿ ಏನಾಗುತ್ತಿದೆ ಗಮನಿಸಿ. ಆ ಕಟ್ಟಡ ಇದ್ದಕ್ಕಿದ್ದಂತೆ ಜನ ಬಾಳುವ ಜಾಗ ಆಗುತ್ತದೆ. ಯಾರೋ ತಿಂಡಿ ಮಾಡುತ್ತಿದ್ದರು, ಯಾರೋ ದೀಪ ಆರಿಸಿ ಮಲಗಲು ಹೊರಟಿದ್ದರು. ನಮ್ಮ ಕಡೆ ವಠಾರದಲ್ಲಿ ಬೆಳೆದವರಿಗೆ ಇದು ಥಟ್ ಅಂತ ಗೊತ್ತಾಗುತ್ತದೆ. ಸಂಜೆ ಹೊತ್ತು ಮೆಟ್ಟಿಲು ಹತ್ತಿಕೊಂಡು ಹೋದರೆ ಒಂದು ಮನೆಯಿಂದ ಒಗ್ಗರಣೆ ಘಾಟು, ಇನ್ನೊಂದರಿಂದ ಟಿವಿ ಸದ್ದು, ಮತ್ತೊಂದರಲ್ಲಿ ಮಗುವಿಗೆ ಮಗ್ಗಿ ಹೇಳಿಸುತ್ತಿರುತ್ತಾರೆ. ಹೊರಗಿನಿಂದ ಎಲ್ಲ ಒಂದೇ ತರಹದ ಗೋಡೆ.

ಇದನ್ನು ತೋರಿಸಲು ಗೇಮ್ ಮಾಡಿದವರ ಹತ್ತಿರ ಇದ್ದ ಜಾಗ ಎಷ್ಟು ಗೊತ್ತಾ? ಸ್ಕ್ರೀನಿನ ಮೇಲೆ ಉಗುರಿನಷ್ಟು. ಅದರೊಳಗೆ ಟೋಸ್ಟರ್ ಟೋಸ್ಟರ್ ತರಹವೇ ಕಾಣಬೇಕು, ಬಾಂಬು ಬಾಂಬಿನ ತರಹವೇ ಕಾಣಬೇಕು, ಅದೂ ಗುಂಡು ತಿನ್ನುತ್ತಾ ಅರೆಕ್ಷಣದಲ್ಲಿ ನೋಡುವವನಿಗೆ. ಪಿಕ್ಸೆಲ್ ಆರ್ಟ್ ಅಂದರೆ ಹಳೇ ಕಾಲದ ನೆನಪು, ಚೌಕಾಕಾರದ ಚುಕ್ಕಿಗಳ ಸೊಗಸು, ಅಂತ ಈಗ ಮಾತಾಡುತ್ತೇವೆ. ನನ್ನ ಪ್ರಕಾರ ಅದರ ನಿಜವಾದ ಶಕ್ತಿ ಇಲ್ಲಿದೆ. ಜಾಗ ಕಡಿಮೆ ಇದ್ದಾಗ ಯಾವುದನ್ನು ಇಡಬೇಕು ಅಂತ ಯೋಚಿಸಲೇಬೇಕು. ಒಂದು ಕಿಟಕಿಗೆ ಒಂದೇ ವಸ್ತು. ಆ ಒಂದೇ ವಸ್ತುವಿನಿಂದ ಒಂದು ಮನೆ ಕಾಣಬೇಕು.

ಈಗ ಹೊಸ ಕಾಲದ ಒಂದು ಗೇಮ್ ಪಕ್ಕಕ್ಕಿಟ್ಟು ನೋಡೋಣ. 2022ರಲ್ಲಿ ಟೆರರ್ ಆಫ್ ಹೆಮಸಾರಸ್ ಅಂತ ಬಂತು, ಲೋರೆನ್ ಲೆಮ್ಕಿ ಮಾಡಿದ್ದು. ಇದೂ ಪಿಕ್ಸೆಲ್ ಆರ್ಟೇ, ದೈತ್ಯ ಪ್ರಾಣಿಯೇ, ಊರು ಒಡೆಯುವುದೇ. ರಾಂಪೇಜ್ ಇಲ್ಲದೆ ಇದು ಹುಟ್ಟುತ್ತಲೇ ಇರಲಿಲ್ಲ. ಇದರಲ್ಲಿ ಕಟ್ಟಡ ಬೀಳುವ ಬಗೆ ನಿಜಕ್ಕೂ ಅದ್ಭುತ. ರಾಂಪೇಜಿನಲ್ಲಿ ಕಟ್ಟಡ ನಿಂತ ಜಾಗದಲ್ಲೇ ನೆಟ್ಟಗೆ ಕೆಳಗಿಳಿಯುತ್ತದೆ, ಬುಡದಲ್ಲಿ ಒಂದಿಷ್ಟು ಧೂಳು, ಅಷ್ಟೇ. ಹೆಮಸಾರಸ್‌ನಲ್ಲಿ ಅದು ವಾಲಿ ಪಕ್ಕದ ಕಟ್ಟಡದ ಮೇಲೆ ಬೀಳುತ್ತದೆ, ಅದು ಇನ್ನೊಂದರ ಮೇಲೆ. ನೋಡುವುದಕ್ಕೆ ಹಬ್ಬ. ಹವಾಮಾನ ಹಾಳು ಮಾಡಿದ ಮನುಷ್ಯರ ಬಗ್ಗೆ ಒಂದು ಕಥೆಯನ್ನೂ ಇಟ್ಟಿದ್ದಾರೆ. ಆಡಿ, ಖಂಡಿತ ಆಡಿ. ಆದರೆ ಆಡಿ ಮುಗಿಸಿದ ಮೇಲೆ ನನಗೆ ಒಂದು ಕಿಟಕಿಯೂ ನೆನಪಿರಲಿಲ್ಲ. ಜನ ರಾಶಿ ರಾಶಿಯಾಗಿ ಓಡುತ್ತಾರೆ, ರಾಶಿ ರಾಶಿಯಾಗಿ ಸಾಯುತ್ತಾರೆ, ಒಬ್ಬನ ಮುಖವೂ ಕಣ್ಣ ಮುಂದೆ ನಿಲ್ಲುವುದಿಲ್ಲ. ಬೀಳಿಸುವ ಕಲೆ ಬೆಳೆದಿದೆ. ಬೀಳಿಸುವ ಮೊದಲು ಒಳಗೆ ಇಣುಕುವುದು ಮಾತ್ರ ಕಡಿಮೆಯಾಗಿದೆ.

ಸರಿ, ಈಗ ಊರಿನ ವಿಷಯಕ್ಕೆ ಬರೋಣ, ಇದು ನನಗೆ ತುಂಬಾ ಹತ್ತಿರದ್ದು.

ರಾಂಪೇಜಿನಲ್ಲಿ ಒಂದೊಂದು ದಿನ ಒಂದೊಂದು ಊರು. ಒಟ್ಟು 128 ದಿನ. ದೈತ್ಯ ಪ್ರಾಣಿ ಅಂದ ಕೂಡಲೇ ಎಲ್ಲಿಗೆ ಹೋಗುತ್ತದೆ ಹೇಳಿ? ನ್ಯೂಯಾರ್ಕ್, ಇಲ್ಲ ಟೋಕಿಯೋ. ಅಲ್ವಾ? ಈ ಗೇಮಿನ ಮೊದಲ ದಿನ ಪಿಯೋರಿಯಾದಲ್ಲಿ. ಇಲಿನಾಯ್ ರಾಜ್ಯದ ಪಿಯೋರಿಯಾ. ಜನಸಂಖ್ಯೆ ಒಂದು ಲಕ್ಷದ ಆಸುಪಾಸು, ಪಕ್ಕದಲ್ಲಿ ಒಂದು ನದಿ. ಆ ಊರಲ್ಲಿ ನಾನು ಮೂರು ವರ್ಷ ಇದ್ದೆ. ಮಣ್ಣು ಅಗೆಯುವ, ಗುಡ್ಡ ಸರಿಸುವ ಹಳದಿ ಯಂತ್ರಗಳ ಕ್ಯಾಟರ್‌ಪಿಲ್ಲರ್ ಕಂಪನಿಯ ಮುಖ್ಯ ಕಚೇರಿ ದಶಕಗಳ ಕಾಲ ಇದ್ದದ್ದು ಅಲ್ಲೇ. ನಮ್ಮ ಕಡೆ ಮಣ್ಣು ಅಗೆಯುವ ಯಂತ್ರಕ್ಕೆಲ್ಲ ಜೆಸಿಬಿ ಅಂತಲೇ ಹೇಳುವುದರಿಂದ ಈ ಹೆಸರು ಅಷ್ಟು ಬಾಯಲ್ಲಿಲ್ಲ. ಆ ಕೆಲಸಗಳ ಜೊತೆ ಇಂಡಿಯಾದ ಎಂಜಿನಿಯರ್‌ಗಳು, ಸಾಫ್ಟ್‌ವೇರ್ ಜನ ಬಂದು ಸೇರಿದ್ದಾರೆ, ಅವರಲ್ಲಿ ಕನ್ನಡದವರೂ ಇದ್ದಾರೆ. ಈ ವಿಡಿಯೋ ನೋಡುತ್ತಿರುವ ಯಾರಾದರೂ ಅಲ್ಲಿದ್ದರೆ ಕೆಳಗೆ ಬರೆಯಿರಿ, ಮಾತಾಡೋಣ.

ಅಮೆರಿಕದಲ್ಲಿ ಒಂದು ಹಳೇ ಮಾತಿದೆ, ನಾಟಕ ಕಂಪನಿಗಳು ಊರೂರು ಸುತ್ತುತ್ತಿದ್ದ ಕಾಲದ್ದು: "ಇದು ಪಿಯೋರಿಯಾದಲ್ಲಿ ಓಡುತ್ತಾ?" ಅಂದರೆ ದೊಡ್ಡ ಶಹರದಲ್ಲಿ ಚಪ್ಪಾಳೆ ಬೀಳುವುದು ಬೇರೆ, ಸಾಮಾನ್ಯ ಊರಿನ ಸಾಮಾನ್ಯ ಜನಕ್ಕೆ ಹಿಡಿಸುತ್ತಾ ಅನ್ನುವುದು ಬೇರೆ. ಸಾಮಾನ್ಯ ಊರು ಅಂದರೆ ಪಿಯೋರಿಯಾ, ಅಷ್ಟು ಗಟ್ಟಿಯಾಗಿ ಆ ಹೆಸರು ನಿಂತಿದೆ. ಮಿಡ್‌ವೇ ಶಿಕಾಗೋ ಕಡೆಯ ಕಂಪನಿ. ಅದೇ ರಾಜ್ಯದ್ದು. ಅಂದರೆ ಗೇಮ್ ಮಾಡಿದವರು ತಮ್ಮ ಪ್ರಾಣಿಗಳನ್ನು ಮೊದಲು ಬಿಟ್ಟದ್ದು ತಮ್ಮದೇ ರಾಜ್ಯದ ಒಂದು ಊರಿಗೆ. ನಾವು ಯಾರಾದರೂ ಇಂಥ ಗೇಮ್ ಮಾಡಿದರೆ ವಿಧಾನಸೌಧ ಇಡದೆ ಮೊದಲು ಗುಬ್ಬಿಯನ್ನೋ ಹರಿಹರವನ್ನೋ ಇಟ್ಟ ಹಾಗೆ.

ಕೊನೆಯ ದಿನವೂ ಇಲಿನಾಯ್‌ನಲ್ಲೇ. 128ನೇ ದಿನ, ಪ್ಲೇನೋ. ಇದು ಇನ್ನೂ ಚಿಕ್ಕ ಊರು. ಪ್ಲೇನೋ ಹತ್ತಿರ ನದಿ ದಂಡೆಯ ಮೇಲೆ ಒಂದು ಮನೆ ಇದೆ, ಫಾರ್ನ್ಸ್‌ವರ್ತ್ ಹೌಸ್ ಅಂತ, ಮೀಸ್ ವಾನ್ ಡೆರ್ ರೋಹೆ ಅನ್ನುವ ವಾಸ್ತುಶಿಲ್ಪಿ ಕಟ್ಟಿದ್ದು, 1951ರಲ್ಲಿ ಮುಗಿಯಿತು. ನಾಲ್ಕೂ ಕಡೆ ಗಾಜು. ಮನೆಗೆ ಮನೆಯೇ ಕಿಟಕಿ. ಅದನ್ನು ನೋಡಲು ಹೋದಾಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಬರೀ ರಾಂಪೇಜ್. ಗೇಮಿನ ಪ್ಲೇನೋಗೂ ಆ ಮನೆಗೂ ಸಂಬಂಧ ಇಲ್ಲ ಬಿಡಿ. ಗೇಮಿನ ಊರುಗಳು ಹೆಸರಿಗಷ್ಟೇ ಆ ಊರುಗಳು.

ಅದು ಈ ಗೇಮಿನ ದೊಡ್ಡ ಕೊರತೆ, ಮುಚ್ಚಿಡುವುದಿಲ್ಲ. ಹೆಸರು ಬದಲಾಗುತ್ತದೆ, ಕಟ್ಟಡ ಅವೇ. ಇಪ್ಪತ್ತು ದಿನ ಆಡುವಷ್ಟರಲ್ಲಿ ಎಲ್ಲ ನೋಡಿಯಾಗಿರುತ್ತದೆ. 128 ಊರು ಮುಗಿದರೂ ಗೇಮ್ ಮುಗಿಯುವುದಿಲ್ಲ, ಅದೇ ಸುತ್ತು ಮತ್ತೆ ಐದು ಸಲ, ಒಟ್ಟು 768 ದಿನ, ಆಮೇಲೆ ಮತ್ತೆ ಮೊದಲ ದಿನಕ್ಕೆ. ಅದು ಕಾಸು ಹಾಕಿಸಿಕೊಳ್ಳುವ ಪೆಟ್ಟಿಗೆಯ ಲೆಕ್ಕಾಚಾರ. ಒಬ್ಬರೇ ಕೂತು ಆಡಿದರೆ ಬೇಜಾರಾಗುತ್ತದೆ. ಬೇಜಾರಾಗಲೇಬೇಕು, ಯಾಕೆಂದರೆ ಇದು ಒಬ್ಬರೇ ಆಡುವ ಗೇಮ್ ಅಲ್ಲವೇ ಅಲ್ಲ.

ಶಿಕಾಗೋ ಹತ್ತಿರ ಹಳೇ ಗೇಮುಗಳ ಒಂದು ಹಾಲ್ ಇದೆ. ಬಾಗಿಲಲ್ಲಿ ಒಮ್ಮೆ ದುಡ್ಡು ಕೊಟ್ಟರೆ ದಿನವಿಡೀ ಆಡಬಹುದು, ಪೆಟ್ಟಿಗೆಗೆ ಕಾಸು ಹಾಕಬೇಕಿಲ್ಲ, ಬಟನ್ ಒತ್ತಿದರೆ ಸಾಕು. ನಾವು ಮೂರು ಜನ ಹೋಗಿದ್ದೆವು. ನಾನು, ದಾವಣಗೆರೆಯ ಒಬ್ಬ ಗೆಳೆಯ, ಹಾಸನದ ಕಡೆಯ ಒಬ್ಬರು. ಅವರು ನಮಗಿಂತ ಹತ್ತು ವರ್ಷ ದೊಡ್ಡವರು, ಅಣ್ಣ ಅಂತಲೇ ಕರೆಯುತ್ತಿದ್ದೆವು. ರಾಂಪೇಜ್ ಪೆಟ್ಟಿಗೆಯಲ್ಲಿ ಮೂರು ಜಾಯ್‌ಸ್ಟಿಕ್. ಮೂರು ಜನ ಭುಜಕ್ಕೆ ಭುಜ ತಾಗಿಸಿಕೊಂಡು ನಿಲ್ಲಬೇಕು. ಮೊದಲ ಎರಡು ಊರು ಒಗ್ಗಟ್ಟಾಗಿಯೇ ಇದ್ದೆವು. ಮೂರನೇ ಊರಿನಲ್ಲಿ ನಾನು ಕಷ್ಟಪಟ್ಟು ಒಡೆದ ಕಿಟಕಿಯಿಂದ ಅಣ್ಣ ಕೋಳಿ ಎತ್ತಿಕೊಂಡು ತಿಂದುಬಿಟ್ಟರು.

"ಅಣ್ಣಾ, ಅದು ನಂದು!"

"ಹೆಸರು ಬರ್ದಿತ್ತೇನೋ ಅದ್ರ ಮೇಲೆ?"

ಅಲ್ಲಿಂದ ಶುರು. ಈ ಗೇಮಿನಲ್ಲಿ ನಿಮ್ಮ ಗುದ್ದು ಜೊತೆಯವನಿಗೂ ಬೀಳುತ್ತದೆ. ಗೋಡೆ ಮೇಲಿರುವವನಿಗೆ ಒಂದು ಗುದ್ದು ಬಿದ್ದರೆ ಅವನು ಕೆಳಗೆ. ಅವನು ಏನೂ ತಿಳಿಯದೆ ಮಾಳಿಗೆಯ ಮೇಲೆ ನಿಂತಿರುವಾಗ ನೀವು ಕೆಳಗಿನಿಂದ ಕಟ್ಟಡ ಕುಸಿಯುವ ಹಾಗೆ ಮಾಡಬಹುದು. ಇಬ್ಬರು ಇದ್ದಿದ್ದರೆ ಇದು ಸುಮ್ನೆ ಜಗಳ ಆಗುತ್ತಿತ್ತು. ಮೂವರು ಇದ್ದಾಗ ರಾಜಕೀಯ ಆಗುತ್ತದೆ. ಇವತ್ತು ನಾನು, ಅವನು ಒಂದು ಕಡೆ, ಅಣ್ಣ ಇನ್ನೊಂದು ಕಡೆ. ಮುಂದಿನ ಊರಲ್ಲಿ ಲೆಕ್ಕ ತಿರುಗಾಮುರುಗಾ. ಅದಕ್ಕೇ ಮನೆಯಲ್ಲಿ ಟಿವಿಗೆ ಜೋಡಿಸಿ ಆಡುವ ನಿಂಟೆಂಡೊ ಕಂಪನಿಯ ಎನ್‌ಇಎಸ್‌ಗೆ ಈ ಗೇಮ್ ಬಂದಾಗ ರಾಲ್ಫನನ್ನು ಕೈಬಿಟ್ಟದ್ದನ್ನು ನಾನು ಇವತ್ತಿಗೂ ಒಪ್ಪುವುದಿಲ್ಲ. ಒಂದು ಪ್ರಾಣಿ ಹೋಯಿತು ಅಷ್ಟೇ ತಾನೇ ಅನ್ನಬೇಡಿ. ಆ ತೋಳದ ಜೊತೆ ಮೂರನೆಯವನ ಜಾಗವೇ ಹೋಯಿತು.

ಇನ್ನೊಂದು ವಿಷಯ ಹೇಳದೆ ಮುಗಿಸಲಾರೆ. ಏಟು ತಿಂದು ತಿಂದು ಜೀವ ಮುಗಿದಾಗ ನಿಮ್ಮ ಪ್ರಾಣಿ ಸಾಯುವುದಿಲ್ಲ. ಕುಗ್ಗಿ ಕುಗ್ಗಿ ಮತ್ತೆ ಮನುಷ್ಯ ಆಗುತ್ತದೆ. ಮೈಮೇಲೆ ಬಟ್ಟೆ ಇಲ್ಲ. ಎರಡು ಕೈಯಲ್ಲಿ ಮಾನ ಮುಚ್ಚಿಕೊಂಡು, ಅಡ್ಡಡ್ಡ ಹೆಜ್ಜೆ ಹಾಕುತ್ತಾ ಸ್ಕ್ರೀನಿನ ಅಂಚಿನ ಕಡೆಗೆ ನಡೆಯುತ್ತದೆ. ಹೆಚ್ಚಿನವರು ಇಲ್ಲಿ ನಗುತ್ತಾರೆ. ನನಗೆ ಮೊದಲ ಸಲ ಏನೋ ಒಂಥರಾ ಆಯಿತು. ಅಷ್ಟು ಹೊತ್ತು ಕಟ್ಟಡದಷ್ಟು ಎತ್ತರ ಇದ್ದವನು ಈಗ ತಾನೇ ಒಡೆದ ಬೀದಿಯಲ್ಲಿ ಬೆರಳಿನಷ್ಟು. ಅವನನ್ನು ಜೊತೆಯ ಪ್ರಾಣಿಗಳು ಎತ್ತಿ ತಿನ್ನಬಹುದು. ತಿಂದರೆ, ನೀವು ಮತ್ತೆ ಕಾಸು ಹಾಕಿದಾಗ ಬ್ಲಿಂಪ್‌ನಲ್ಲಿ, ಆ ಉದ್ದನೆಯ ಬಲೂನಿನ ಹಡಗಿನಲ್ಲಿ, ಹಾರಿಕೊಂಡು ಬರಬೇಕು. ತಿನ್ನದೆ ಬಿಟ್ಟರೆ, ಕಾಸು ಹಾಕಿದ ಕೂಡಲೇ ಆ ಮನುಷ್ಯ ನಿಂತಲ್ಲೇ ಮತ್ತೆ ಪ್ರಾಣಿಯಾಗುತ್ತಾನೆ.

ಆ ದಿನ ಎಷ್ಟನೇ ಊರು ಅಂತ ಮರೆತಿದ್ದೇನೆ. ನನ್ನ ಜಾರ್ಜ್ ಸೋತು ಮನುಷ್ಯನಾಗಿ ಅಡ್ಡಡ್ಡ ನಡೆಯುತ್ತಿದ್ದ. ಅಣ್ಣನ ಲಿಜ್ಜಿ ಪಕ್ಕದಲ್ಲೇ ಇದ್ದಳು. ಕೋಳಿ ಜಗಳ ಆದ ಮೇಲೆ ನಾನು ಅಣ್ಣನನ್ನು ಎರಡು ಸಲ ಗೋಡೆಯಿಂದ ಬೀಳಿಸಿದ್ದೆ, ಅದಕ್ಕೇ ತಿಂದೇ ತಿನ್ನುತ್ತಾರೆ ಅಂದುಕೊಂಡೆ. ದಾವಣಗೆರೆಯವನು "ತಿನ್ನು ಅಣ್ಣಾ, ತಿನ್ನು" ಅಂತ ಕೂಗುತ್ತಿದ್ದ. ಅಣ್ಣ ಜಾಯ್‌ಸ್ಟಿಕ್‌ನಿಂದ ಕೈ ತೆಗೆದು ನನ್ನ ಕಡೆ ತಿರುಗಿದರು.

"ಬೇಗ ಒತ್ತೋ, ಹೆಲಿಕಾಪ್ಟರ್ ಬರ್ತಿದೆ."

ಒತ್ತಿದೆ. ಅವನು ಅಲ್ಲೇ, ಆ ಬೀದಿ ಮಧ್ಯದಲ್ಲೇ, ಮತ್ತೆ ದೊಡ್ಡವನಾದ.