ಮದ್ದಲೆಯ ಅಜ್ಜನಿಗೆ ಒಂದು ಹಾಡು ಸಾಲದು

ನಮಸ್ಕಾರ, ಶಿರಸಿಯಿಂದ. ಹಿಂದೆ ಕೇಳಿಸುತ್ತಿರುವುದು ಹೆಂಚಿನ ಮೇಲಿನ ಮಳೆ. ಅದು ಹಾಗೇ ಇರಲಿ.

ಮೊನ್ನೆ ಒಂದು ಉಪನಯನದ ಊಟದಲ್ಲಿ ಪಕ್ಕದ ಎಲೆಯವರು ಕೇಳಿದರು. ‘ಯಾರಿಗೂ ಗೊತ್ತಿಲ್ಲದ ಮದ್ದಲೆಯವರ ಮೇಲೆ ಒಂಬತ್ತು ಹಾಡಿನ ಆಲ್ಬಂ ಯಾಕೋ? ಒಂದು ನಿಮಿಷದ ರೀಲ್ ಸಾಕಲ್ವಾ?’ ಕೈಯಲ್ಲಿದ್ದ ಹೋಳಿಗೆ ಬಾಯಿಗೆ ಹೋಗಲಿಲ್ಲ.

ಸಾಲದು. ರೀಲ್ ಸಾಲದು, ಒಂದು ಹಾಡೂ ಸಾಲದು. ಆ ಅಜ್ಜ ಯಕ್ಷಗಾನದ ಆಟಗಳಲ್ಲಿ ರಾತ್ರಿಯಿಡೀ ಮದ್ದಲೆ ಎಂಬ ಚರ್ಮವಾದ್ಯ ನುಡಿಸಿದವರು. ವೇಷದವರು ಬಣ್ಣ ಹಚ್ಚುವ ಚೌಕಿಗೆ ಹೋಗಿ ಚಹಾ ಕುಡಿದು ಬರುತ್ತಿದ್ದರು. ನಮ್ಮೂರಿನ ಸಣ್ಣ ಆಟಗಳಲ್ಲಿ ಬದಲಿ ಮದ್ದಲೆಯವರು ಇರುತ್ತಿರಲಿಲ್ಲ. ಬೆಳಗಿನ ಮಂಗಳದವರೆಗೆ ಅಜ್ಜ ಕೂತಲ್ಲೇ.

ಗೌಹರ್ ಜಾನ್ ಗೊತ್ತಲ್ವಾ? 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿದವರು. ಹಾಡಿನ ಕೊನೆಗೆ ‘ನನ್ನ ಹೆಸರು ಗೌಹರ್ ಜಾನ್’ ಎಂದು ಇಂಗ್ಲಿಷಿನಲ್ಲಿ ತಾವೇ ಹೇಳುತ್ತಿದ್ದರು. 1930ರಲ್ಲಿ ಮೈಸೂರಿನಲ್ಲಿ ತೀರಿಕೊಂಡರು, ಹೆಸರು ಇವತ್ತಿಗೂ ಕೇಳಿಸುತ್ತದೆ. ಆ ಕಾಲದ ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದದ್ದು ಸುಮಾರು 3 ನಿಮಿಷ. ನಮ್ಮ ಇಡೀ ರಾತ್ರಿಯ ಆಟ ಅದರಲ್ಲಿ ಹಿಡಿಸೀತೇ? ಈಗ ಜಾಗ ಬೇಕಾದಷ್ಟಿದೆ. ಈಗಲೂ ಒಂದು ನಿಮಿಷ ಸಾಕು ಅಂದರೆ ಹೇಗೆ?

ಇನ್ನೊಬ್ಬರು, ‘ಚಿಟ್ಟಾಣಿಯವರ ಮೇಲೆ ಮಾಡು, ಜನ ಕೇಳುತ್ತಾರೆ’ ಎಂದರು. ಯಕ್ಷಗಾನದ ವೇಷಧಾರಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕುಣಿತ ಅಂದರೆ ನನಗೂ ಪ್ರಾಣ. 2012ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಾವೂ ಮನೆಯಲ್ಲಿ ಪಾಯಸ ಮಾಡಿದ್ದೇವೆ. ಅವರನ್ನು ಯಾರೂ ಮರೆತಿಲ್ಲ. ಆದರೆ ವೇಷ ಕುಣಿಯಬೇಕಾದರೆ ಹಿಂದೆ ಯಾರೋ ನುಡಿಸಬೇಕು ತಾನೇ? ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನಕ್ಕೆ ತಾಳಮದ್ದಲೆ ಎನ್ನುತ್ತಾರೆ, ಆ ಹೆಸರಿನಲ್ಲೇ ಮದ್ದಲೆ ಇದೆ! ಬ್ಯಾನರ್ ನೋಡಿದರೆ ಅದರಲ್ಲಿ ಮಾತಾಡುವ ಅರ್ಥಧಾರಿಗಳ ಮುಖ ಇಷ್ಟಗಲ. ಮದ್ದಲೆಯವರ ಮುಖ ಎಲ್ಲಿ?

ಮೂರನೇ ಹಾಡಿನ ಬಗ್ಗೆ ಹೇಳುತ್ತೇನೆ. ಮಳೆಗಾಲದಲ್ಲಿ ಮದ್ದಲೆಯ ಚರ್ಮ ಥಂಡಿ ಹಿಡಿದು ಸಡಿಲಾಗುತ್ತದೆ, ಶ್ರುತಿ ಇಳಿಯುತ್ತದೆ. ಅಜ್ಜ ಅದನ್ನು ಒಲೆಯ ಶಾಖಕ್ಕೆ ಹಿಡಿಯುತ್ತಿದ್ದರು. ಬಾರು ಬಿಗಿದು, ಬೆರಳಲ್ಲಿ ತಟ್ಟಿ, ಕಿವಿ ಹತ್ತಿರ ತಂದು ಕೇಳುತ್ತಿದ್ದರು. ಮತ್ತೆ ಒಲೆ, ಮತ್ತೆ ಬಾರು. ನಾನು ಆಗ ಎಂಟು ವರ್ಷದವ, ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಆ ತಟ್ಟುವ ಸದ್ದನ್ನೇ ನಾಲ್ಕು ನಿಮಿಷ ಇಟ್ಟಿದ್ದೇನೆ, ಸಾಹಿತ್ಯವೇ ಇಲ್ಲ. ಅಡಿಕೆ ಅಟ್ಟದಲ್ಲಿ, ಅವರದೇ ಮದ್ದಲೆಗೆ ಹೊಸ ಚರ್ಮ ಹಾಕಿಸಿ ರೆಕಾರ್ಡ್ ಮಾಡಿದ್ದು. ಮೈಕ್ ಹಿಡಿದ ಹುಡುಗ ‘ಮಳೆ ಸದ್ದು ತೆಗೆಯಲಾ?’ ಎಂದ. ಬೇಡ ಎಂದೆ. ಮಳೆ ತೆಗೆದರೆ ಒಲೆ ಯಾಕೆ ಬೇಕಾಯಿತು ಅಂತ ಕೇಳುವವರಿಗೆ ಹೇಗೆ ಗೊತ್ತಾಗಬೇಕು? ಇದನ್ನೆಲ್ಲ ಒಂದು ನಿಮಿಷದಲ್ಲಿ ತುರುಕುವುದು ಹೇಗೆ, ನೀವೇ ಹೇಳಿ!

ಕಂಪ್ಯೂಟರಿನಲ್ಲಿ ಅಜ್ಜನ ಕೈಚಳಕ ಮಾಡಿಸಬಹುದು ಅನ್ನುವವರೂ ಇದ್ದಾರೆ. ಅಜ್ಜ ನುಡಿಸಿದ್ದರ ಒಂದು ಕ್ಯಾಸೆಟ್ಟೂ ಇಲ್ಲ. ಕಂಪ್ಯೂಟರ್ ಎಲ್ಲಿಂದ ತರುತ್ತದೆ? ಸುಮ್ನೆ ಮಾತು.

ಆಲ್ಬಂ ದೀಪಾವಳಿಗೆ ಬರುತ್ತದೆ. ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಮನೆಯವರಿಗೂ ಹೇಳಿ. ಅಲ್ಲಿಯವರೆಗೆ ಹೆಸರು ಹೇಳಬೇಡ ಎಂದು ಅಜ್ಜನ ಮಗಳು ಕೇಳಿಕೊಂಡಿದ್ದಾರೆ. ಆಮೇಲೆ ಮುಖಪುಟದಲ್ಲಿ ಅವರ ಹೆಸರೇ ದೊಡ್ಡದಾಗಿ ಇರುತ್ತದೆ. ಮತ್ತೆ, ಹಾಡುಗಳನ್ನು ಹಿಂದೆ ಮುಂದೆ ಮಾಡಿ ಕೇಳಬೇಡಿ. ಒಂದರಿಂದ ಒಂಬತ್ತು, ಸಂಜೆಯಿಂದ ಬೆಳಗು.

ಯಾರಿಗೂ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ ಅಂತೀರಲ್ಲ. ಗೊತ್ತಿಲ್ಲ ಅಂತಲೇ ಮಾಡುತ್ತಿದ್ದೇನೆ ಮಾರಾಯ್ರೆ! ಇಡೀ ಆಲ್ಬಂ! ಒಂಬತ್ತೂ ಹಾಡು!

ಈಗ ಆ ಮೂರನೆಯದನ್ನು ಹಾಕುತ್ತೇನೆ. ಹೆಡ್‌ಫೋನ್ ಇದ್ದರೆ ಹಾಕಿಕೊಳ್ಳಿ. ಮೊದಲು ಮಳೆ ಬರುತ್ತದೆ, ಆಮೇಲೆ ಅಜ್ಜನ ಮದ್ದಲೆ. ಪೂರ್ತಿ ನಾಲ್ಕು ನಿಮಿಷ, ಎದ್ದು ಹೋಗಬೇಡಿ.